ಬಾಷಾ ಮೊದಲರ್ಧ: ಕೈ ಎತ್ತದ ರಜನಿಯನ್ನ ಜನ ಹೇಗೆ ಸಹಿಸ್ಕೊಂಡ್ರು?

ಗವಿಪುರದ ಗಿರಾಕಿ

ಭಾನುವಾರ ಮಗನ ಜೊತೆ ಕೂತು ರಜನಿಕಾಂತ್ ಅವರ ತಮಿಳು ಸಿನಿಮಾ ‘ಬಾಷಾ’ ನೋಡ್ದೆ, ಬಾಂಬೆಯ ಹಳೇ ಡಾನ್ ಬಾಷಾ ಮದ್ರಾಸಲ್ಲಿ ಮಾಣಿಕ್ಯಂ ಅನ್ನೋ ಸಾಧು ಆಟೋ ಡ್ರೈವರ್ ಆಗಿ ಬದುಕೋ ಕಥೆ. ನನಗೆ ಎಷ್ಟನೇ ಸಲವೋ ಲೆಕ್ಕ ಇಲ್ಲ, ಅವನಿಗೆ ಮೊದಲನೇ ಸಲ. ಒಂಬತ್ತನೇ ಕ್ಲಾಸು ಹುಡುಗ, ಯಶ್ ಸಿನಿಮಾ ನೋಡ್ಕೊಂಡು ಬೆಳೆದವನು. ಮುಕ್ಕಾಲು ಗಂಟೆ ಆಗಿರಬೇಕು, ಸೋಫಾ ಮೇಲೆ ಉಲ್ಟಾ ಮಲಗಿ ಕೇಳ್ದ: "ಅಪ್ಪಾ, ಇವ್ನು ಯಾವಾಗ ಹೊಡೆಯೋದು?"

ನಗು ಬಂತು, ಆದ್ರೆ ಪ್ರಶ್ನೆ ತಲೇಲಿ ಕೂತ್ಬಿಡ್ತು. 1995ರ ಪೊಂಗಲ್‌ಗೆ ಬಂದ ಸಿನಿಮಾ. ಅಷ್ಟೊತ್ತಿಗೆ ‘ಅಣ್ಣಾಮಲೈ’ ಬಂದು ಮೂರು ವರ್ಷ ಆಗಿತ್ತು, ಪರದೆ ಮೇಲೆ ಸೂಪರ್ ಸ್ಟಾರ್ ಅಂತ ಒಂದೊಂದೇ ಅಕ್ಷರ ಬೀಳೋದು ಶುರುವಾಗಿತ್ತು. ಜನ ದುಡ್ಡು ಕೊಟ್ಟು ಬರ್ತಿದ್ದಿದ್ದೇ ಆ ಮನುಷ್ಯ ಕೈ ಬೀಸೋದು ನೋಡೋಕೆ. ಅಂಥವನಿಗೆ ಖಾಕಿ ಹಾಕ್ಸಿ, ಆಟೋ ಹತ್ತಿಸಿ, ತಪ್ಪು ಮಾಡಿದವರಿಗೂ ಕೈ ಮುಗಿಯೋ ಹಾಗೆ ಮಾಡಿ ಅರ್ಧ ಸಿನಿಮಾ ಕೂರಿಸಿದ್ದಾರೆ ನಿರ್ದೇಶಕ ಸುರೇಶ್ ಕೃಷ್ಣ. ಕಂಬಕ್ಕೆ ಕಟ್ಟಿ ಹೊಡೆಯೋ ಸೀನು ನೆನಪಿದೆ ತಾನೇ? ತಮ್ಮ ಮಾಡಿದ್ದಕ್ಕೆ ಅಣ್ಣ ಏಟು ತಿಂತಾನೆ. ತಾಯಿ, ತಂಗೀರು ಅಳ್ತಾ ಇದ್ದಾರೆ. ಈ ಪುಣ್ಯಾತ್ಮ ರಕ್ತ ಸುರಿಸ್ಕೊಂಡು ನಗ್ತಾ ನಿಂತಿರ್ತಾನೆ. ಹೊಡೆಯೋನಿಗೇ ಎಲ್ಲೋ ಏನೋ ಸರಿ ಇಲ್ಲ ಅನ್ನಿಸ್ಬೇಕು, ಆ ಥರ ನಗು.

ಎಲ್ಲರೂ ನೆನಪಿಟ್ಟುಕೊಳ್ಳೋದು ಆಮೇಲೆ ಬರೋ ಕೋಟು, ಕನ್ನಡಕ, ಕುರ್ಚಿ. ನನ್ನ ಪ್ರಕಾರ ಸಿನಿಮಾ ಇರೋದೇ ಈ ಮೊದಲರ್ಧದಲ್ಲಿ. ಎರಡನೇ ಅರ್ಧ ಬರೀ ಬಾಕಿ ಚುಕ್ತಾ. ನೀವೇನಂತೀರ?

ಹಲಸೂರು ಹಳಬ

‘ಹಮ್’ ಕಾಪಿ. ಮುಗೀತು, ಬೀಗ ಹಾಕಿ ಈ ಚರ್ಚೆಗೆ.

ಕತ್ತರಿ ಕೆಲಸ

ಹಳಬ ಸರ್, ಬೀಗ ಹಾಕೋಕೆ ಮುಂಚೆ ಐದು ನಿಮಿಷ ಕೊಡಿ. ನಾನು ಎಡಿಟಿಂಗ್ ಟೇಬಲ್ ಮುಂದೆ ಹದಿನೆಂಟು ವರ್ಷ ಕೂತವನು, ಈ ವಿಷಯ ಬಂದ್ರೆ ಸುಮ್ಮನಿರೋಕೆ ಆಗಲ್ಲ.

1991ರ ಹಿಂದಿ ಸಿನಿಮಾ ‘ಹಮ್’ನಲ್ಲಿ ರಜನಿಯೇ ಇದ್ದರು, ಅಮಿತಾಭ್ ತಮ್ಮನಾಗಿ, ಪೊಲೀಸ್ ವೇಷದಲ್ಲಿ. ಆ ಸಿನಿಮಾಗೆ ಅಂತ ಯೋಚಿಸಿ ಕೊನೆಗೆ ಬಳಸದೇ ಬಿಟ್ಟ ಒಂದು ಸೀನು ಅವರ ತಲೇಲಿ ಉಳ್ಕೊಂಡಿತ್ತು. ಅದನ್ನ ಅವರು ಸುರೇಶ್ ಕೃಷ್ಣಗೆ ಹೇಳಿದ್ದು, ಅದರಿಂದ ಈ ಕಥೆ ಬೆಳೆದದ್ದು, ನಿರ್ದೇಶಕರೇ ಪುಸ್ತಕದಲ್ಲಿ ಬರೆದಿದ್ದಾರೆ. ಅಂದ್ರೆ ‘ಬಾಷಾ’ ಹುಟ್ಟಿದ್ದು ‘ಹಮ್’ನಲ್ಲಿ ಇದ್ದದ್ದರಿಂದಲ್ಲ, ಇಲ್ಲದೇ ಹೋದದ್ದರಿಂದ.

ನಿಜವಾದ ವ್ಯತ್ಯಾಸ ಎಲ್ಲಿದೆ ನೋಡಿ. ‘ಹಮ್’ ಮುಂಬೈ ಬಂದರಿನಲ್ಲೇ ಶುರುವಾಗುತ್ತೆ. ಅಮಿತಾಭ್ ಮಾಡಿದ ಟೈಗರ್ ಯಾರು, ಎಂಥವನು, ಎಲ್ಲ ಮೊದಲೇ ತೋರಿಸಿ ಆಮೇಲೆ ಊಟಿಗೆ ಕರ್ಕೊಂಡು ಹೋಗ್ತಾರೆ. ಊಟಿಯಲ್ಲಿ ಅವನು ಬಗ್ಗಿ ನಡೆದಾಗ ನಮಗೆ ಗೊತ್ತು, ಇದು ವೇಷ ಅಂತ. ‘ಬಾಷಾ’ದಲ್ಲಿ ಅದೇ ಸಾಮಾನು, ಜೋಡಿಸಿರೋದು ಉಲ್ಟಾ. ನಮಗೆ ಏನೂ ಹೇಳಿಲ್ಲ. ಬರೀ ಅನುಮಾನ ಕೊಡ್ತಾ ಹೋಗ್ತಾರೆ. ತಮ್ಮನ ಪೊಲೀಸ್ ಕೆಲಸದ ಇಂಟರ್‌ವ್ಯೂನಲ್ಲಿ ದೊಡ್ಡ ಅಧಿಕಾರಿ ಮನೆಯವರ ವಿವರ ನೋಡಿ ಮುಖ ಬದಲಾಯಿಸ್ತಾನೆ, ನಿಮ್ಮಣ್ಣನ್ನ ಕರ್ಕೊಂಡು ಬಾ ಅಂತಾನೆ. ಯಾಕೆ? ಹೇಳಲ್ಲ.

ಇನ್ನು ಮೆಡಿಕಲ್ ಸೀಟಿನ ಸೀನು. ತಂಗಿ ಜೊತೆ ಒಳಗೆ ಹೋಗ್ತಾನೆ, ಸೀಟು ಕೊಡಬೇಕಾದವನು ಉಡಾಫೆ ಮಾಡ್ತಾನೆ. ತಂಗಿಯನ್ನ ಹೊರಗೆ ಕಳಿಸಿ, ನನಗೆ ಇನ್ನೊಂದು ಹೆಸರಿದೆ ಅಂತಾನೆ. ಅಲ್ಲಿಂದ ಮುಂದೆ ಕ್ಯಾಮೆರಾ ತಂಗಿ ಜೊತೆ ಗಾಜಿನ ಆಚೆ ನಿಂತ್ಕೊಳ್ಳುತ್ತೆ. ತುಟಿ ಆಡೋದು ಕಾಣುತ್ತೆ, ಮಾತು ಕೇಳಲ್ಲ. ಕುರ್ಚಿಯಲ್ಲಿ ಒರಗಿದ್ದವನು ಎದ್ದು ನಿಲ್ತಾನೆ. ಬಾಗಿಲು ತೆಗೆದು ಹೊರಗೆ ಬಂದಾಗ ಅದೇ ಬಡಪಾಯಿ ಮಾಣಿಕ್ಯಂ, ಅದೇ ಬಗ್ಗಿದ ಭುಜ. ಇವತ್ತಿನ ಸಿನಿಮಾ ಆಗಿದ್ರೆ ಆ ಗಾಜಿನೊಳಗೆ ಹೋಗಿ, ಒಂದು ಪುಟ ಡೈಲಾಗು ಹೊಡೆಸಿ, ಕಾಫಿ ಲೋಟ ಒಡೆಸಿ, ಸ್ಲೋಮೋಷನ್ನಲ್ಲಿ ಹೊರಗೆ ತರ್ತಿದ್ರು. ಈ ಥರ ಮುಚ್ಚಿಡೋಕೆ ಧೈರ್ಯ ಬೇಕು. ನನ್ನ ಹತ್ತಿರ ಬರೋ ಹುಡುಗರಿಗೆ ಮೊದಲ ವಾರ ಈ ಸೀನು ತೋರಿಸ್ತೀನಿ.

ಹುಬ್ಬಳ್ಳಿ ಹೈದ

ಚಲೋ ಬರದೀರಿ ಸರ. ಆದ್ರ ಒಂದ್ ಮಾತ್ ಹೇಳ್ತೀನಿ, ಸಿಟ್ ಮಾಡ್ಕೋಬ್ಯಾಡ್ರಿ. ನೀವ್ ಬೆಂಗಳೂರಿನವ್ರು ಬಾಷಾ ಬಾಷಾ ಅಂತೀರಿ. ನಮ್ ಕಡೆ ಆವಾಗ ತಮಿಳ್ ಪಿಚ್ಚರ್ ಯಾರ್ ನೋಡ್ತಿದ್ರು? ಹಿಂದಿ ಬರ್ತಿತ್ತು, ಕನ್ನಡ ಬರ್ತಿತ್ತು, ಮುಗೀತು. ನಮಗ ಅದರ ಕನ್ನಡ ರಿಮೇಕು, 2001ರ ‘ಕೋಟಿಗೊಬ್ಬ’ ಅದ ಅಲ್ರಿ, ಅದ ಮೂಲ. ವಿಷ್ಣು ಸರ್ ತಡಕೊಂಡ್ ತಡಕೊಂಡ್ ಒಮ್ಮೆ ತಿರುಗಿ ನಿಂತ್ರಲ್ಲ, ಆವತ್ತು ಟಾಕೀಸಿನ್ಯಾಗ ನಮ್ ಕಾಕಾ ಹೊದ್ಕೊಂಡ್ ಹೋಗಿದ್ದ ಟವೆಲ್ ತೂರಿದ್ದ, ಅದು ಇನ್ನೂ ಸಿಕ್ಕಿಲ್ಲ.

ಹತ್ತು ವರ್ಷ ಆದ್ಮ್ಯಾಲೆ ‘ಬಾಷಾ’ ನೋಡಿದಾಗ ನನಗ ಅನ್ನಿಸಿದ್ದು, ಅರೇ, ಈ ರಜನಿಕಾಂತ ನಮ್ ವಿಷ್ಣುವರ್ಧನ್ನ ಕಾಪಿ ಹೊಡ್ಯಾಕತ್ತಾನಲ್ಲ ಅಂತ. ನಗಬ್ಯಾಡ್ರಿ, ಖರೇನ ಹಂಗ ಅನ್ನಿಸಿತ್ತು.

ಗವಿಪುರದ ಗಿರಾಕಿ

ಹೈದ ಅವರೇ, ನಗ್ತಾ ಇಲ್ಲ, ಇದು ಸರಿಯಾದ ಮಾತು. ನಮ್ಮಲ್ಲಿ ಆಗ ಡಬ್ಬಿಂಗ್ ಅನ್ನೋದೇ ಇರಲಿಲ್ಲವಲ್ಲ. 2015ರಲ್ಲಿ ಸ್ಪರ್ಧಾ ಆಯೋಗದ ತೀರ್ಪು ಬರೋವರೆಗೂ ಅದು ಅಲಿಖಿತ ಕಾನೂನು. ತೆಲುಗಿನವರು ಕಂಠ ಕೊಡಿಸಿಕೊಂಡು ನೋಡಿದ್ರು. ನಮಗಿದ್ದ ದಾರಿ ಎರಡೇ: ತಮಿಳಲ್ಲೇ ನೋಡು, ಇಲ್ಲಾಂದ್ರೆ ರಿಮೇಕ್ ಬರೋವರೆಗೆ ಕಾಯಿ. ಬೆಂಗಳೂರು, ಕೋಲಾರದ ಕಡೆಯವರು ಮೊದಲನೇ ದಾರಿ ಹಿಡಿದ್ರು. ತುಂಗಭದ್ರೆ ಆಚೆಯವರು ಆರು ವರ್ಷ ಕಾದ್ರು. ನಾಗಣ್ಣ ನಿರ್ದೇಶನ, ಸಂಗೀತ ಅಲ್ಲೂ ಇಲ್ಲೂ ದೇವಾ ಅವರದೇ. ಆ ಹೆಸರು ಎಷ್ಟು ಗಟ್ಟಿಯಾಗಿ ಕೂತ್ಕೊಂತು ಅಂದ್ರೆ ಕಥೆಗೆ ಸಂಬಂಧವೇ ಇಲ್ಲದಿದ್ರೂ ಸುದೀಪ್ ಅದರದ್ದೇ ಎರಡು, ಮೂರು ಅಂತ ಮಾಡಿದ್ರು.

ಆದ್ರೂ ಒಂದು ತಕರಾರು ಇದೆ. ವಿಷ್ಣು ಮುಖದಲ್ಲಿ ಸಾಧುತನ ಮೊದಲಿಂದ್ಲೇ ಇತ್ತು. ಅವರು ಸುಮ್ಮನೆ ನಿಂತ್ರೆ ಒಳ್ಳೇ ಮನುಷ್ಯ ಅನ್ಸುತ್ತೆ, ಏಟು ತಿಂದ್ರೆ ಪಾಪ ಅನ್ಸುತ್ತೆ. ರಜನಿ ಸುಮ್ಮನೆ ನಿಂತ್ರೆ ಭಯ ಆಗುತ್ತೆ. ಆ ಕೈ, ಆ ಕಾಲು ಒಂದು ಕಡೆ ನಿಲ್ಲೋ ಜಾತಿಯವಲ್ಲ. ಅಂಥವನು ಕೈ ಕಟ್ಟಿ ನಿಂತಿದ್ದಾನೆ ಅಂದ್ರೆ ಒಳಗೆ ಏನೋ ಕುದೀತಿದೆ ಅಂತ ನಮಗೆ ಗೊತ್ತಾಗುತ್ತೆ.

ಹುಬ್ಬಳ್ಳಿ ಹೈದ

ಒಪ್ಪಂಗಿಲ್ಲ ಸರ. ಪಾಪ ಅನ್ನಿಸಿದವ ತಿರುಗಿ ಬಿದ್ರ ಇನ್ನೂ ಖಡಕ್ ಇರ್ತದ. ಇರ್ಲಿ ಬಿಡ್ರಿ, ಟವೆಲ್ ಹೋದ್ ಮನ್ಯಾಗಿನವ್ರ ಜೋಡಿ ವಾದ ಮಾಡಬಾರ್ದು.

ಮೀಟರ್ ಹಾಕಿ ಸ್ವಾಮಿ

ನಮ್ಮಪ್ಪ ಬೆಂಗಳೂರಲ್ಲಿ ಇಪ್ಪತ್ತೇಳು ವರ್ಷ ಆಟೋ ಓಡಿಸಿದ್ರು. ಗಾಡಿ ಹಿಂದೆ ಶಂಕ್ರಣ್ಣನ ಫೋಟೋ, 1980ರ ‘ಆಟೋ ರಾಜ’ದ್ದು. 1990ರಲ್ಲಿ ಶಂಕರ್‌ನಾಗ್ ಹೋದಾಗ ಸ್ಟ್ಯಾಂಡಲ್ಲಿ ಮೂರು ದಿನ ಯಾರೂ ಸರಿಯಾಗಿ ಬಾಡಿಗೆ ಹೊಡೀಲಿಲ್ಲ ಅಂತ ಹೇಳ್ತಿದ್ರು. ಅಂಥ ಸ್ಟ್ಯಾಂಡಿಗೆ 1995ರ ಆಯುಧಪೂಜೆಗೆ ‘ಬಾಷಾ’ದ ‘ನಾನ್ ಆಟೋಕ್ಕಾರನ್’ ಹಾಡು ಬಂದು ನುಗ್ತು. ಸಿನಿಮಾದಲ್ಲೂ ಆ ಹಾಡು ಆಯುಧಪೂಜೆ ದಿನದ್ದೇ ಅಲ್ವಾ.

ನನಗೆ ಆಗ ಎಂಟು ವರ್ಷ. ಬೆಳಿಗ್ಗೆ ಐದಕ್ಕೇ ಎಬ್ಬಿಸಿ ಸೀಮೆಎಣ್ಣೆ ಬಟ್ಟೆ ಕೊಟ್ಟು ಚಕ್ರದ ಗ್ರೀಸ್ ಒರೆಸೋಕೆ ಕೂರಿಸಿದ್ರು. ಬಾಳೆಕಂದು, ಸೇವಂತಿಗೆ ಹಾರ, ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣು. ಸ್ಟ್ಯಾಂಡಲ್ಲಿ ಎರಡು ಬಾಕ್ಸ್ ಸ್ಪೀಕರು. ಒಂದರ ಮೇಲೆ ಶಂಕರ್‌ನಾಗ್ ಫೋಟೋ ಒರಗಿಸಿ ಊದಿನಕಡ್ಡಿ ಹಚ್ಚಿದ್ರು, ಅದೇ ಸ್ಪೀಕರ್ ಒಳಗಿಂದ ಎಸ್‌ಪಿಬಿ ತಮಿಳಲ್ಲಿ ಹಾಡ್ತಿದ್ರು. ಮಧ್ಯಾಹ್ನ ಯಾರೋ ಒಬ್ಬರು ಬಂದು ಇದ್ಯಾಕೆ ತಮಿಳು ಹಾಡು ಅಂತ ಜೋರು ಮಾಡಿದ್ರು. ಕಾವೇರಿ ಗಲಾಟೆ ಆಗಿ ನಾಲ್ಕೇ ವರ್ಷ, ಎಲ್ಲರಿಗೂ ಕಿವಿ ನೆಟ್ಟಗೆ. ಅಪ್ಪ ಬೂದುಗುಂಬಳಕಾಯಿ ಕೈಲಿ ಹಿಡ್ಕೊಂಡೇ, "ಹಾಡ್ತಿರೋರು ನಮ್ಮ ಬಾಲು ಸಾರು, ಕುಣೀತಿರೋನು ನಮ್ಮೂರ ಕಂಡಕ್ಟ್ರು, ನಿಮ್ಗೇನ್ ಕಷ್ಟ" ಅಂದ್ರು. ಕಾಯಿ ಒಡೆದ್ರು, ಗಲಾಟೆ ಅಲ್ಲಿಗೇ ನಿಂತ್ತು.

ಇನ್ನೊಂದು. ಆಟೋ ಕಥೆ ಮೊದಲು ಹೋಗಿದ್ದು ಇಲ್ಲಿಂದ ಅಲ್ಲಿಗೆ. ನಮ್ಮ ‘ಆಟೋ ರಾಜ’ನ್ನ 1982ರಲ್ಲಿ ವಿಜಯಕಾಂತ್ ಹಾಕ್ಕೊಂಡು ತಮಿಳಲ್ಲಿ ಮಾಡಿದ್ರು. ಸುಮ್ನೆ ಹೇಳ್ದೆ.

ಕರಾವಳಿ ಕಾಫಿ

ನೀವೆಲ್ಲ ಎಂಥ ದೊಡ್ಡ ರಹಸ್ಯ ಕಂಡುಹಿಡಿದವರ ಹಾಗೆ ಮಾತಾಡ್ತಿದ್ದೀರಿ ಮಾರಾಯ್ರೆ. ಇದು ವಿರಾಟಪರ್ವ ಅಲ್ವಾ!

ಬಾಂಬೆ ಅಂದ್ರೆ ಹಸ್ತಿನಾವತಿ, ಮದ್ರಾಸು ವಿರಾಟನಗರ. ಭೀಮ ಅಡಿಗೆಭಟ್ಟ ಆಗಿದ್ದಾನೆ, ಇಲ್ಲಿ ಆಟೋ ಓಡಿಸ್ತಾನೆ. ಸಭೆಯಲ್ಲಿ ಕೀಚಕ ದ್ರೌಪದಿಗೆ ಒದ್ದಾಗ ಭೀಮನ ಕಣ್ಣು ಎದುರಿನ ಮರದ ಮೇಲೆ ಹೋಗ್ತದೆ, ಕಿತ್ತು ಬಡಿಯುವ ಅಂತ. ಕಂಕ ಭಟ್ಟನ ವೇಷದ ಧರ್ಮರಾಯ ಏನು ಹೇಳುದು? ಸೌದೆ ಬೇಕಾದ್ರೆ ಹೊರಗೆ ಹೋಗಿ ಕಡಿದುಕೋ, ಈ ಮರ ಬೇಡ ಅಂತ. ನಿಮ್ಮ ಕಂಬದ ಸೀನು ಅದೇ. ಇಲ್ಲಿ ಕಂಕ ಭಟ್ಟ ಯಾರೆಂದ್ರೆ ಸಾಯುವಾಗ ಅಪ್ಪ ತೆಗೆದುಕೊಂಡ ಮಾತು, ಇನ್ನು ಹೊಡೆದಾಟ ಬೇಡ ಅಂತ. ಮತ್ತೆ ತಂಗಿ ಮೇಲೆ ಕೈ ಹಾಕಿದ ಕೂಡ್ಲೇ ಗರಡಿಮನೆಯ ಕತ್ತಲೆ ಬಂತು ಅಂತ ಲೆಕ್ಕ.

ನಾನು ಸಣ್ಣದಿರುವಾಗ ಅಜ್ಜನ ಒಟ್ಟಿಗೆ ‘ಕೀಚಕ ವಧೆ’ ಯಕ್ಷಗಾನ ಆಟಕ್ಕೆ ಹೋಗ್ತಿದ್ದೆ. ವಲಲ, ಅಂದ್ರೆ ಅಡಿಗೆಭಟ್ಟ ಭೀಮ, ಸೌಟು ಹಿಡಿದು ರಂಗಸ್ಥಳಕ್ಕೆ ಬಂದ್ರೆ ಜನ ನಿದ್ದೆಯಿಂದ ಎದ್ದು ಕೂರ್ತಿದ್ರು. ಹೊಡೆಯುದು ಬೆಳಗಿನ ಜಾವಕ್ಕೆ ಅಂತ ಎಲ್ಲರಿಗೂ ಗೊತ್ತುಂಟು, ಅಲ್ಲಿವರೆಗೆ ಕಾಯುದೇ ಸುಖ. ನಿಮ್ಮ ಘಟ್ಟದ ಮೇಲೆ ಮಳೆ ಬಾರದಿದ್ರೆ ವಿರಾಟಪರ್ವ ಓದಿಸ್ತಾರಲ್ಲ, ಅಂಥ ಊರಿನ ಜನಕ್ಕೆ ಮೊದಲರ್ಧ ಸಹಿಸ್ಲಿಕ್ಕೆ ಎಂಥ ಕಷ್ಟ? ಗಿರಾಕಿಯವರೇ, ನಿಮ್ಮ ಮಗನಿಗೆ ಒಂದು ಆಟ ತೋರಿಸಿ.

ಈಗ ಬೈಗುಳ. ನಗ್ಮಾಳಿಗೆ ಆ ಸಿನಿಮಾದಲ್ಲಿ ಎಂಥ ಕೆಲಸ ಉಂಟು? ಆಟೋ ಹತ್ತುದು, ಪ್ರೀತಿ ಮಾಡುದು, ಅಪ್ಪ ಕೇಶವನ್ ಕಳ್ಳ ಅಂತ ಗೊತ್ತಾಗುವಾಗ ಅಳುದು. ತಂಗಿಯಂದಿರು ಇರುದೇ ಸೀಟು ಸಿಗಲಿಕ್ಕೆ, ಮದುವೆ ಆಗಲಿಕ್ಕೆ, ಅಣ್ಣನಿಗೆ ಸಿಟ್ಟು ಬರಿಸಲಿಕ್ಕೆ. ದ್ರೌಪದಿ ಆದ್ರೂ ರಾತ್ರಿ ಅಡಿಗೆಮನೆಗೆ ಹೋಗಿ ಭೀಮನನ್ನು ಎಬ್ಬಿಸಿ ಸರಿಯಾಗಿ ಕೇಳ್ತಾಳೆ. ಈ ಹುಡುಗಿಯರಿಗೆ ಅಷ್ಟೂ ಇಲ್ಲ. ಮತ್ತೆ ಕೇಶವನ್ನೇ ವಿಲನ್ ಆಂಟನಿಯ ಮನೆಯವರನ್ನು ತೆಗೆದದ್ದು, ಅವನ ಮಗಳೇ ಬಾಷಾನ ಆಟೋಗೆ ಕೈ ಹಿಡಿದದ್ದು ಅಂತೆಲ್ಲ ಗಂಟು ಹಾಕಿದ್ದು ನನಗೆ ಈಗಲೂ ಜೀರ್ಣ ಆಗಿಲ್ಲ.

ಕತ್ತರಿ ಕೆಲಸ

ಕಾಫಿ ಮೇಡಂ, ವಿರಾಟಪರ್ವಕ್ಕೆ ಶರಣು. ಹದಿನೆಂಟು ವರ್ಷದಲ್ಲಿ ನನಗೆ ಹೊಳೀಲಿಲ್ಲ. ನಗ್ಮಾ ವಿಷಯದಲ್ಲಿ ವಾದ ಇಲ್ಲ.

ಆದ್ರೆ ಎರಡನೇ ಅರ್ಧಕ್ಕೆ ಒಂದು ಊರುಗೋಲು ಇದೆ, ಆಂಟನಿ ಪಾತ್ರದ ರಘುವರನ್. ಸಣಕಲು ದೇಹ, ಗಂಟಲಲ್ಲೇ ಉಳಿಯೋ ಸ್ವರ. ಆಗಿನ ವಿಲನ್‌ಗಳು ಮೈ ತೋರಿಸಿ ಹೆದರಿಸ್ತಿದ್ರು. ಈ ಮನುಷ್ಯ ವಾಕ್ಯದ ಮಧ್ಯೆ ನಿಲ್ಲಿಸಿ ಹೆದರಿಸ್ತಾರೆ. ಎದುರಾಳಿ ಇಷ್ಟು ತೂಕದವನಾಗಿರದಿದ್ರೆ ಮೊದಲರ್ಧದಲ್ಲಿ ಕಟ್ಟಿದ ಕುತೂಹಲ ಪುಸ್ಸ್ ಅಂತ ಹೋಗ್ತಿತ್ತು. ಸಂಭಾಷಣೆ ಬಾಲಕುಮಾರನ್ ಅವರದು, ‘ನಾಯಕನ್’ಗೆ ಬರೆದವರು, ಕಾದಂಬರಿಕಾರ. ಸಾಲುಗಳು ಚಿಕ್ಕದಾಗಿರೋದಕ್ಕೆ ಅದೂ ಕಾರಣ. ಒಂದು ಸಲ ಹೇಳಿದ್ರೆ ನೂರು ಸಲ ಹೇಳಿದ ಹಾಗೆ ಅನ್ನೋ ಆ ಸಾಲು, ಬಾಯಿಗೆ ಹಾಕ್ಕೊಂಡು ನೋಡಿ, ಉಸಿರು ಎಳೆಯೋಕೆ ಮುಂಚೆ ಮುಗಿಯುತ್ತೆ.

ಬಾಗಲಕೋಟಿ ಬುತ್ತಿ

ಯಾರೂ ಹೇಳಲಿಲ್ಲ ಅಂತ ಹೇಳಾಕತ್ತೀನಿ. ಇಂಟರ್ವಲ್ ಹೊಡೆದಾಟ ಮುಗದ ಮ್ಯಾಲೆ ಪೊಲೀಸ್ ತಮ್ಮ ಬಂದು, ಹೇಳಣ್ಣ, ಬಾಂಬೇದಾಗ ಏನ್ ಮಾಡ್ತಿದ್ದಿ ಅಂತ ಕೇಳ್ತಾನಲ್ಲ, ತಮಿಳುನಾಡಿನ್ಯಾಗ ಇವತ್ತಿಗೂ ಮೀಮ್ ಆಗಿ ತಿರಗಾಕತ್ತದ. ಆ ಪ್ರಶ್ನೆ ಕೇಳಿದವ ನಮ್ ಶಶಿಕುಮಾರ್! 1999ರಾಗ ಚಿತ್ರದುರ್ಗದ ಎಂಪಿ ಆದ್ರಲ್ಲ, ಅವ್ರ. ಮತ್ತ ಯಾವ ಗೆಳೆಯನ ಹೆಸರು ತಗೊಂಡು ಮಾಣಿಕ್ಯಂ ಬಾಷಾ ಆದ್ನೋ, ಆ ಅನ್ವರ್ ಬಾಷಾ ನಮ್ ಬೆಳಗಾವಿ ಚರಣ್‌ರಾಜ್. ಅಂದ್ರ ಸೂಪರ್ ಸ್ಟಾರಗ ಪ್ರಶ್ನೆ ಕೇಳಿದವ್ನೂ ಕನ್ನಡದವ, ಹೆಸರ ಕೊಟ್ಟು ಸತ್ತವ್ನೂ ಕನ್ನಡದವ.

ಹಲಸೂರು ಹಳಬ

ಬೀಗ ಹಾಕಿ ಅಂದಿದ್ದೆ, ವಾಪಸ್ ತಗೊಂಡೆ. ಅನ್ವರ್ ಹೆಸರು ಬಂದದ್ದಕ್ಕೆ ನಾನೂ ಒಂದು ಸೇರಿಸ್ತೀನಿ.

ಬಾಂಬೆ ಗಲಭೆ ಆಗಿ ಎರಡು ವರ್ಷ ಆಗಿತ್ತು ಅಷ್ಟೇ. ಅದೇ ಬಾಂಬೆಯಲ್ಲಿ ಸತ್ತ ಮುಸ್ಲಿಂ ಗೆಳೆಯನ ಹೆಸರನ್ನ ಹಿಂದೂ ನಾಯಕ ತನ್ನ ಹೆಸರಿಗೆ ಅಂಟಿಸ್ಕೊಂಡು ಸಿನಿಮಾ ಪೂರ್ತಿ ಹೊತ್ತು ತಿರುಗ್ತಾನೆ. ಅದರ ಬಗ್ಗೆ ಒಂದು ಭಾಷಣ ಇಲ್ಲ. ಆ ಹೆಸರು ಕೂಗಿ ಥಿಯೇಟರ್ ಪೂರ್ತಿ ಶಿಳ್ಳೆ ಹೊಡೀತು. ಎರಡು ತಿಂಗಳಿಗೆ ಮಣಿರತ್ನಂ ಅವರ ‘ಬಾಂಬೆ’ ಬಂತು, ಜುಲೈನಲ್ಲಿ ಅವರ ಮನೆ ಮೇಲೆ ಬಾಂಬ್ ಬಿತ್ತು. ಆಮೇಲೆ ‘ಬಾಷಾ’ದ ವಿಜಯೋತ್ಸವದ ವೇದಿಕೆ ಮೇಲೆ ರಜನಿ, ತಮಿಳುನಾಡಲ್ಲಿ ಬಾಂಬ್ ಸಂಸ್ಕೃತಿ ಬಂದಿದೆ ಅಂತ ಮಾತಾಡಿದ್ರು. ವೇದಿಕೆ ಮೇಲೆ ಇದ್ದವರು ಯಾರು? ಸಿನಿಮಾ ಮಾಡಿದ ಸತ್ಯಾ ಮೂವೀಸ್‌ನ ಆರ್.ಎಂ. ವೀರಪ್ಪನ್, ಜಯಲಲಿತಾ ಸಂಪುಟದ ಮಂತ್ರಿ. ಅವರು ಎದ್ದು ಒಂದು ಮಾತೂ ಎದುರಾಡಲಿಲ್ಲ ಅಂತ ಮಂತ್ರಿಗಿರಿ ಹೋಯ್ತು. ಮರುವರ್ಷದ ಚುನಾವಣೆಯಲ್ಲಿ ರಜನಿ ನೇರವಾಗಿ ಜಯಲಲಿತಾ ವಿರುದ್ಧ ಮಾತಾಡಿದ್ರು, ಜಯಲಲಿತಾ ಸೋತ್ರು. ಒಂದು ಮಸಾಲೆ ಸಿನಿಮಾದ ಸಮಾರಂಭದಿಂದ ಇಷ್ಟೆಲ್ಲ.

ಪರದೆ ಮೇಲೆ ಅರ್ಧ ಸಿನಿಮಾ ಬಾಯಿ ಮುಚ್ಕೊಂಡಿದ್ದವರು ವೇದಿಕೆ ಮೇಲೆ ಬಾಯಿ ಬಿಟ್ಟಾಗ ಜನಕ್ಕೆ ಎರಡೂ ಒಂದೇ ಕಥೆ ಥರ ಕಂಡಿರಬೇಕು. ಅದು ನನ್ನ ಊಹೆ, ಇರಲಿ.

ಕೆಜಿಎಫ್ ಕಡೇಬೆಂಚು

ತಡವಾಗಿ ಬಂದೆ, ಕ್ಷಮಿಸಿ. ರಾಬರ್ಟ್‌ಸನ್‌ಪೇಟೆ ಕಡೆಯ ಒಂದು ಟಾಕೀಸಲ್ಲಿ ನಮ್ಮ ಮಾವ ಆಪರೇಟರ್ ಆಗಿದ್ರು. ನಾನು ಶಾಲೆ ರಜೆಯಲ್ಲಿ ಕ್ಯಾಬಿನ್ನಲ್ಲಿ ರೀಲು ಸುತ್ತೋಕೆ ಕೂರ್ತಿದ್ದೆ. ಗಣಿ ಇನ್ನೂ ಮುಚ್ಚಿರಲಿಲ್ಲ, ಶಿಫ್ಟ್ ಮುಗಿಸಿದವರು ತಲೆಯಲ್ಲಿ ಮಣ್ಣು ಇಟ್ಕೊಂಡೇ ಬರ್ತಿದ್ರು. ನಮ್ಮೂರಲ್ಲಿ ತಮಿಳು ಪರಭಾಷೆ ಅಲ್ಲ, ಮನೆ ಭಾಷೆ.

ಮೇಲೆ ಸರ್ ಹೇಳಿದ ಗಾಜಿನ ಸೀನು ಬಂದ ಮೊದಲ ಆಟ. ರಜನಿ ತುಟಿ ಆಡ್ತಾ ಇದೆ, ಮಾತಿಲ್ಲ. ಹಿಂದಿನ ಬೆಂಚಿಂದ ಒಬ್ಬ ಶುರು ಮಾಡ್ದ, "ಸೌಂಡು! ಸೌಂಡು!" ಅಂತ. ಎರಡು ನಿಮಿಷದಲ್ಲಿ ಇಡೀ ಕೆಳಗಡೆ ಕೂಗು, ಕುರ್ಚಿ ಬಡಿತ, ಆಪರೇಟರ್ ಮನೆಯವರ ಕುಶಲೋಪರಿ ಎಲ್ಲ ಆಯ್ತು. ಮಾವನಿಗೂ ಗಾಬರಿ. ಪ್ರೊಜೆಕ್ಟರ್ ಪಕ್ಕ ಸೌಂಡ್ ಓದೋ ಪುಟ್ಟ ಬಲ್ಬು ಇರುತ್ತೆ, ಅದು ಸುಟ್ಟಿತು ಅಂದ್ಕೊಂಡು ಮುಚ್ಚಳ ತೆಗೆದು ನೋಡಿದ್ರು. ಬಲ್ಬು ಉರೀತಿದೆ! ಕೈ ಸುಟ್ಕೊಂಡಿದ್ದೇ ಲಾಭ. ಅಷ್ಟರಲ್ಲಿ ಸೀನು ಮುಗಿದು ಮಾತು ಬಂತು, ಸೀಟು ಸಿಕ್ಕಿತು, ಕೂಗು ಶಿಳ್ಳೆ ಆಯ್ತು.

ಸಂಜೆ ಆಟಕ್ಕೆ ಅದೇ ಸೀನು ಬಂದಾಗ ಯಾರೋ ಹೊಸಬ ಮತ್ತೆ ಸೌಂಡ್ ಅಂತ ಎದ್ದ. ಬೆಳಿಗ್ಗೆ ನೋಡಿ ಎರಡನೇ ಸಲ ಬಂದಿದ್ದವರೆಲ್ಲ ಸೇರಿ ಅವನ ಅಂಗಿ ಹಿಡಿದು ಕೂರಿಸಿದ್ರು. ಮಾವ ಕ್ಯಾಬಿನ್ ಕಿಂಡಿಯಿಂದ ನೋಡ್ತಾ, ಬೆರಳಿಗೆ ಹಚ್ಚಿದ್ದ ಬರ್ನಾಲ್ ಊದ್ಕೊಂಡು, "ಈಗ ಅರ್ಥ ಆಯ್ತು ನೋಡು ನನ್ಮಕ್ಳಿಗೆ" ಅಂದ್ರು.

ಗವಿಪುರದ ಗಿರಾಕಿ

ಕಡೇಬೆಂಚು ಅವರೇ, ಇದನ್ನ ಮಗನಿಗೆ ಓದಿ ಹೇಳ್ದೆ. ಬಿದ್ದು ಬಿದ್ದು ನಕ್ಕ. ಆಮೇಲೆ ಫೋನ್ ಕಿತ್ಕೊಂಡು ಆ ಸೀನಿಗೇ ಹೋಗಿ ವಾಲ್ಯೂಮ್ ಪೂರ್ತಿ ಏರಿಸಿ ಕಿವಿಗೆ ಇಟ್ಕೊಂಡು ಕೂತಿದ್ದಾನೆ, ಏನಾದ್ರೂ ಕೇಳಿಸುತ್ತಾ ಅಂತ.